ನಲವತ್ತಾರು ಕುದುರೆ, ಗೋಖಲೆ ರೋಡು

ಥಾಣೆಯ ನೌಪಾಡಾದಲ್ಲಿ ಬೈಕು ಕೊಳ್ಳುವವನು ಒಬ್ಬ, ಅದಕ್ಕೆ ಮಾರ್ಕು ಹಾಕುವವರು ಇಡೀ ಗಲ್ಲಿ. ಗಾಡಿಗೆ ನಂಬರ್ ಪ್ಲೇಟು ಬೀಳುವ ಮೊದಲೇ ಹಾಲಿನ ಹುಡುಗ, ಇಸ್ತ್ರಿಯ ಭಯ್ಯಾ, ಕಟ್ಟಡದ ವಾಚ್‌ಮನ್, ಎರಡನೇ ಮಹಡಿಯ ಆಜೋಬಾ, ಎಲ್ಲರೂ ಒಂದು ಸುತ್ತು ಹಾಕಿ, ಸೀಟು ಒತ್ತಿ, ಟಯರಿಗೆ ಕಾಲಲ್ಲಿ ತಟ್ಟಿ ತಮ್ಮ ವರದಿ ಒಪ್ಪಿಸಿಬಿಟ್ಟಿರುತ್ತಾರೆ. ಮೊದಲ ಪ್ರಶ್ನೆ ಎಲ್ಲರದ್ದೂ ಒಂದೇ: "ಕಿತಿ ದೇತೆ?" ಲೀಟರಿಗೆ ಎಷ್ಟು ಕೊಡುತ್ತದೆ ಅಂತ. ಅರವತ್ತು ಎಂದರೆ ಹುಡುಗ ಸಂಸ್ಕಾರವಂತ. ಮೂವತ್ತಕ್ಕಿಂತ ಕೆಳಗೆ ಎಂದರೆ ಆಜೋಬಾ ಕನ್ನಡಕ ತೆಗೆದು ನಿಧಾನಕ್ಕೆ ಒರೆಸಿಕೊಳ್ಳುತ್ತಾರೆ. ಆಮೇಲೆ ಮನೆಯಲ್ಲಿ ಹೇಳಿದ್ದೀಯಾ ಎಂದು ಕೇಳುತ್ತಾರೆ.

ಇಂಥ ಊರಿನಲ್ಲಿ ನಮ್ಮ ಅಳಿಯನಿಗೆ, ಅಂದರೆ ನನ್ನ ಅಕ್ಕನ ಮಗನಿಗೆ, ಕೆಟಿಎಂ 390 ಡ್ಯೂಕ್ ಬೇಕಂತೆ. ಹುಡುಗನಿಗೆ ಐರೋಲಿಯ ಐಟಿ ಪಾರ್ಕಿನಲ್ಲಿ ಕೆಲಸ. ಟ್ರಾನ್ಸ್‌ಹಾರ್ಬರ್ ಲೋಕಲ್ ಹತ್ತಿದರೆ ಥಾಣೆ ಬಿಟ್ಟು ದಿಘಾ, ದಿಘಾ ಬಿಟ್ಟು ಐರೋಲಿ. ಸೀಟು ಸಿಕ್ಕಿತೆಂದು ಕೂರುವಷ್ಟರಲ್ಲಿ ಇಳಿಯಬೇಕು. ಈ ಎರಡು ಸ್ಟೇಷನ್ ದಾಟಲು ನಲವತ್ತಾರು ಕುದುರೆಗಳ ಲಾಯ ಕಟ್ಟಬೇಕೇ ಎಂದು ಭಾವ ಕೇಳಿದರೆ ಅಳಿಯ ಫೋನು ತೆಗೆದು ಒಂದು ವೀಡಿಯೋ ಹಾಕುತ್ತಾನೆ. ವೀಡಿಯೋದವನು ಖಾಲಿ ಟ್ರ್ಯಾಕಿನಲ್ಲಿ ಮಂಡಿ ನೆಲಕ್ಕೆ ಸವರುವಂತೆ ಬಗ್ಗಿ ಬಂದು, ಹೆಲ್ಮೆಟ್ ತೆಗೆದು, ಕೊನೆಗೆ ಒಂದು ಮಾತು ಸೇರಿಸುತ್ತಾನೆ: ಇದು ಅನುಭವಸ್ಥರ ಗಾಡಿ, ಕಲಿಯುವವರಿಗಲ್ಲ.

ನಮ್ಮ ಮನೆಯ ಜಗಳ ಶುರುವಾದದ್ದು ಅಲ್ಲಿಂದ. ಅನುಭವಸ್ಥ ಅಂದರೆ ಯಾರು?

ಆರ್‌ಟಿಓ ಲೆಕ್ಕದಲ್ಲಿ ಉತ್ತರ ಬಹಳ ಸುಲಭ. ಹದಿನೆಂಟು ತುಂಬಿರಬೇಕು, ಮೈದಾನದಲ್ಲಿ ಕಾಲೂರದೆ ಎಂಟರ ಆಕಾರ ಬರೆಯಬೇಕು. ಯಾರದ್ದೋ ಸ್ಪ್ಲೆಂಡರ್ ಎರವಲು ತಂದು ಎಂಟು ಬರೆದವನ ಕೈಗೆ 'ಮೋಟಾರ್‌ಸೈಕಲ್ ವಿತ್ ಗೇರ್' ಎಂಬ ಲೈಸೆನ್ಸ್ ಬರುತ್ತದೆ. ಅದೇ ಸಂಜೆ ಅವನು ದುಡ್ಡಿದ್ದರೆ ಸಾವಿರದ ಮುನ್ನೂರು ಸಿಸಿಯ ಹಯಾಬುಸಾ ಹತ್ತಿ ಹೊರಟರೂ ಕಾನೂನು ಚಕಾರ ಎತ್ತುವುದಿಲ್ಲ. ಯುರೋಪಿನಲ್ಲಿ ಹಾಗಲ್ಲ, ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುತ್ತಾರೆ. ಮೊದಲು 125 ಸಿಸಿ. ಹದಿನೆಂಟಾದ ಮೇಲೆ ಎ2 ಎಂಬ ಲೈಸೆನ್ಸ್, ಅದರಲ್ಲಿ 35 ಕಿಲೋವಾಟ್ ಮೀರುವ ಹಾಗಿಲ್ಲ. ಎರಡು ವರ್ಷ ಅದರಲ್ಲಿ ಪಳಗಿದವನಿಗೆ ಮತ್ತೊಂದು ಪರೀಕ್ಷೆ, ಆಮೇಲಷ್ಟೇ ದೊಡ್ಡ ಗಾಡಿ. ನೇರವಾಗಿ ದೊಡ್ಡದಕ್ಕೇ ಹಾರುತ್ತೇನೆ ಎನ್ನುವವನು ಸಾಮಾನ್ಯವಾಗಿ ಇಪ್ಪತ್ತನಾಲ್ಕರವರೆಗೆ ಕಾಯಬೇಕು. ನಮ್ಮ 390 ಡ್ಯೂಕಿನ ಶಕ್ತಿ ಆ 35 ಕಿಲೋವಾಟಿನ ಗೆರೆಗೆ ಒಂದು ಬೆರಳು ಕೆಳಗೆ ನಿಲ್ಲುತ್ತದೆ. ಅಂದರೆ ಕೆಟಿಎಂ ಕಂಪನಿಯ ಆಸ್ಟ್ರಿಯಾದವರು ಇದನ್ನು ಮಧ್ಯದ ಮೆಟ್ಟಿಲಿಗೆಂದೇ ಅಳೆದು ಮಾಡಿದ್ದಾರೆ. ಅಲ್ಲಿ ಕಲಿಯುತ್ತಿರುವವನ ಗಾಡಿ ಇಲ್ಲಿ ಕಲಿತು ಮುಗಿಸಿದವನ ಗಾಡಿಯಾಗಿದೆ. ಒಂದೇ ಗಾಡಿ, ಚಾಕಣದಲ್ಲಿ ಬಜಾಜ್ ಕಾರ್ಖಾನೆಯಲ್ಲಿ ತಯಾರಾಗಿ ಹಡಗು ಹತ್ತಿದ ಕೂಡಲೇ ಸಾಧುವಾಗಿಬಿಡುತ್ತದೆ!

ಭಾವನ ಪ್ರಕಾರ ಅನುಭವಸ್ಥ ಎಂದರೆ ಭಾವನೇ. ಕಾರ್ಕಳದಲ್ಲಿ ಕಾಲೇಜು ಕಲಿಯುವಾಗ ಯಮಹಾ ಆರ್‌ಎಕ್ಸ್ 100 ಓಡಿಸಿದವರು. ಆ ಗಾಡಿ ಬಂದದ್ದು 1985ರಲ್ಲಿ, ನಿಂತದ್ದು 1996ರಲ್ಲಿ. ಭಾವನ ಬಾಯಲ್ಲಿ ಮಾತ್ರ ಇವತ್ತಿಗೂ ನಿಂತಿಲ್ಲ. ನೂರಕ್ಕೆ ಎರಡು ಕಡಿಮೆ ಸಿಸಿ, ಹನ್ನೊಂದು ಕುದುರೆ, ನೂರು ಕೆಜಿಗಿಂತ ಅಷ್ಟಿಷ್ಟು ಹೆಚ್ಚು ತೂಕ. "ಆಗುಂಬೆಯ ಹದಿನಾಲ್ಕು ತಿರುವನ್ನೂ ಮೂರನೇ ಗೇರು ಇಳಿಸದೆ ಹತ್ತಿದ್ದೇನೆ ಮಾರಾಯ" ಎನ್ನುತ್ತಾರೆ. ಆಗುಂಬೆಯ ತಿರುವು ಮತ್ತು ಆರ್‌ಎಕ್ಸಿನ ಮೂರನೇ ಗೇರು ಎರಡನ್ನೂ ಬಲ್ಲವರು ಈ ಮಾತಿಗೆ ಸುಮ್ಮನೆ ಚಹಾ ಕುಡಿಯುತ್ತಾರೆ. ಏನೇ ಆಗಲಿ, ಕ್ಲಚ್ಚಿನ ಮರ್ಮ, ಒದ್ದೆ ರಸ್ತೆಯ ಮರ್ಮ, ಎದುರಿನ ಬಸ್ಸಿನವನ ಮನಸ್ಸಿನ ಮರ್ಮ ಎಲ್ಲ ಗೊತ್ತಿರುವ ಮನುಷ್ಯ. ಆದರೆ ಬ್ಯಾಂಕಿನ ಕುರ್ಚಿಯಲ್ಲಿ ಮೂರು ದಶಕ ಕೂತ ಮೇಲೆ ಆ ಅನುಭವವೆಲ್ಲ ಸೊಂಟಕ್ಕೆ ಇಳಿದು ಎಲ್4, ಎಲ್5 ನಡುವೆ ಠಿಕಾಣಿ ಹೂಡಿದೆ. ಷೋರೂಮಿನಲ್ಲಿ ಡ್ಯೂಕ್ ಮೇಲೆ ಕಾಲು ಹಾಕಲು ಹೋದವರು ಅರ್ಧದಲ್ಲೇ ನಿಂತರು. ಸೀಟು ನೆಲದಿಂದ 800 ಮಿಲಿಮೀಟರ್. ಸೇಲ್ಸ್‌ನ ಹುಡುಗ "ಅಂಕಲ್, 820ಕ್ಕೂ ಏರಿಸಬಹುದು" ಎಂದ. ಅವನಿಗೆ ಭಾವ ಕೊಟ್ಟ ನೋಟ ಇನ್ನೂ ನನ್ನ ಕಣ್ಣಿಗೆ ಕಟ್ಟಿದೆ.

ಈ ಜಾತಿಯ ಗಾಡಿಗಳ ತೊಡಕೇ ಇದು ನೋಡಿ. ಸೊಂಟ ಇದ್ದವನಿಗೆ ಅನುಭವ ಇಲ್ಲ, ಅನುಭವ ಇದ್ದವನಿಗೆ ಸೊಂಟ ಇಲ್ಲ. ಇವೆರಡೂ ಒಟ್ಟಿಗಿರುವ ಮೂವತ್ತೈದರ ಆಸುಪಾಸಿನ ಗೃಹಸ್ಥನಿಗೆ ಹೋಮ್ ಲೋನಿನ ಕಂತಿದೆ. ಥಾಣೆಯಲ್ಲಿ ಕಂತು ಎಂದರೆ ಏನೆಂದು ಕಟ್ಟುವವರಿಗೆ ಹೇಳಬೇಕಾಗಿಲ್ಲ.

ಇನ್ನು ಗಾಡಿಯ ಮಾತು. ತಮಾಷೆ ಬದಿಗಿಟ್ಟು ಹೇಳಿದರೆ ಲೆಕ್ಕ ಬಹಳ ಜೋರಾಗಿದೆ. ಈಗಿನದು ಮೂರನೇ ತಲೆಮಾರು, 2023ರ ಸೆಪ್ಟೆಂಬರಿನಲ್ಲಿ ಬಂದದ್ದು. ಒಂದೇ ಸಿಲಿಂಡರ್, ನೀರಿನಿಂದ ತಂಪಾಗುವ ಇಂಜಿನ್, 399 ಸಿಸಿ, 46 ಪಿಎಸ್ ಶಕ್ತಿ, 39 ನ್ಯೂಟನ್ ಮೀಟರ್ ಎಳೆತ. ಪೆಟ್ರೋಲು ತುಂಬಿದ ಮೇಲೂ ತೂಕ 168 ಕೆಜಿ. ಇದೊಂದನ್ನೇ ನೋಡಿದರೆ ಏನೂ ಅನಿಸುವುದಿಲ್ಲ, ಪಕ್ಕದಲ್ಲಿ ಬೇರೆಯವರನ್ನು ನಿಲ್ಲಿಸಬೇಕು. ಶಕ್ತಿಯನ್ನು ತೂಕದಿಂದ ಭಾಗಿಸಿ ಟನ್ನಿಗೆ ಎಷ್ಟು ಕುದುರೆ ಎಂದು ತೆಗೆದರೆ ಹಾಲಿನ ಹುಡುಗನ ಸ್ಪ್ಲೆಂಡರಿಗೆ ಎಪ್ಪತ್ತರ ಹತ್ತಿರ ಬರುತ್ತದೆ. ಮೀಸೆ ತಿರುವಿ ಓಡಿಸುವ ಬುಲೆಟ್ 350ಗೆ ನೂರರ ಮೇಲೆ ನಾಲ್ಕು. ಭಾವನ ಆರ್‌ಎಕ್ಸಿಗೆ ಬುಲೆಟ್ಟಿಗಿಂತ ಚೂರು ಹೆಚ್ಚು. ಇದನ್ನು ಕೇಳಿ ಭಾವ ಅರ್ಧ ಗಂಟೆ ಬೀಗಿದರು, ಬೀಗಲಿ. ಡ್ಯೂಕಿಗೆ ಬರುವುದು 270ರ ಮೇಲೆ. ಸ್ಪ್ಲೆಂಡರಿನ ನಾಲ್ಕು ಪಟ್ಟು ಸಮೀಪ. ಬಲಗೈ ಮಣಿಕಟ್ಟು ಒಂದಿಂಚು ತಿರುಗಿದರೆ ಆಗುವ ಅನಾಹುತ ನಾಲ್ಕು ಪಟ್ಟು ಬೇಗ ಆಗುತ್ತದೆ ಎಂದೂ ಇದನ್ನು ಓದಬಹುದು, ಅಕ್ಕ ಓದಿದ್ದು ಹಾಗೆಯೇ.

2013ರಲ್ಲಿ ಮೊದಲ 390 ಬಂದಾಗ ತೂಕ 154 ಕೆಜಿ ಇತ್ತು, ಬೆಲೆ ದಿಲ್ಲಿಯ ಷೋರೂಮಿನಲ್ಲಿ 1.80 ಲಕ್ಷ. ಹತ್ತು ವರ್ಷದಲ್ಲಿ ಹದಿನಾಲ್ಕು ಕೆಜಿ ಏರಿದೆ. ಅದೇ ಹತ್ತು ವರ್ಷದಲ್ಲಿ ಭಾವ ಏರಿಸಿಕೊಂಡದ್ದಕ್ಕೆ ಹೋಲಿಸಿದರೆ ಸಂಯಮವೇ. ಬೆಲೆಗೆ ಮಾತ್ರ ಸಂಯಮ ಇರಲಿಲ್ಲ, 2023ರ ಹೊತ್ತಿಗೆ 3.11 ಲಕ್ಷ.

ಮೈಮೇಲೆ ಫೇರಿಂಗಿನ ಹೊದಿಕೆ ಇಲ್ಲ. ಉಪನಯನದ ಮನೆಯಲ್ಲಿ ಪಂಚೆಯುಟ್ಟು ಬರಿಮೈಯಲ್ಲಿ ಓಡಾಡುವ ದೊಡ್ಡಪ್ಪನ ಹಾಗೆ ಎಲುಬು, ನರ, ಕೊಳವೆ ಎಲ್ಲ ಬಹಿರಂಗ. ಕಿತ್ತಳೆ ಬಣ್ಣದ ಕೊಳವೆ ಚೌಕಟ್ಟು ಕಾಣುತ್ತದೆ, ಇಂಜಿನ್ ಕಾಣುತ್ತದೆ, ರೇಡಿಯೇಟರ್ ಕಾಣುತ್ತದೆ. ಆ ರೇಡಿಯೇಟರಿನ ಮಹಿಮೆ ಗೊತ್ತಾಗಬೇಕಾದರೆ ಮೇ ತಿಂಗಳ ಮಧ್ಯಾಹ್ನ ತೀನ್ ಹಾತ್ ನಾಕಾದ ಸಿಗ್ನಲ್ಲಿಗೆ ಬರಬೇಕು. ಗಾಡಿ ನಿಂತು ಸ್ವಲ್ಪ ಹೊತ್ತಿಗೆ ಫ್ಯಾನು ಗುರ್ ಎಂದು ಶುರು. ಒಳಗಿನ ಬಿಸಿಯನ್ನೆಲ್ಲ ತಂದು ಸವಾರನ ಕಾಲಿಗೆ ಊದುತ್ತದೆ. ಜೀನ್ಸ್ ಹಾಕಿದವನು ಕಾಲು ಅಗಲಿಸುತ್ತಾನೆ. ಪಕ್ಕದ ರಿಕ್ಷಾದವನು ಅದನ್ನು ನೋಡಿ ತನ್ನ ಜಾಗ ಒತ್ತುವರಿಯಾಯಿತೆಂದು ಹಾರ್ನ್ ಹೊಡೆಯುತ್ತಾನೆ.

ನಾನು ಹೇಳುವುದು, ಈ ಗಾಡಿಯ ನಿಜವಾದ ಪರೀಕ್ಷೆ ಪುಣೆಯ ಟ್ರ್ಯಾಕಿನಲ್ಲಿ ಆಗುವುದೇ ಇಲ್ಲ. ಆಗಬೇಕಾದದ್ದು ಶನಿವಾರ ಸಂಜೆ ಏಳಕ್ಕೆ ಗೋಖಲೆ ರೋಡಿನಲ್ಲಿ. ಒಂದು ಬದಿ ಸೀರೆ ಅಂಗಡಿ, ಒಂದು ಬದಿ ಚಪ್ಪಲಿ ಅಂಗಡಿ, ನಡುವೆ ಅರ್ಧ ಥಾಣೆ. ಡ್ಯೂಕಿನ ಗುಂಡಿ ಒತ್ತಿದರೆ ಪರದೆಯ ಮೇಲೆ 'ಲಾಂಚ್ ಕಂಟ್ರೋಲ್' ಎಂದು ಬರುತ್ತದೆ. ನಿಂತ ಜಾಗದಿಂದ ಬಾಣದ ಹಾಗೆ ಚಿಮ್ಮಲು ಮಾಡಿದ ಸೌಕರ್ಯ. ಗೋಖಲೆ ರೋಡಿನಲ್ಲಿ ನಿಮ್ಮ ಮುಂದೆ ಖಾಲಿ ಇರುವುದು ಒಂದೂವರೆ ಅಡಿ, ಅದರಲ್ಲೂ ಒಬ್ಬರು ಕಾಕೂ ಭಾಜಿಯ ಚೀಲ ಹಿಡಿದು ದಾಟುತ್ತಿರುತ್ತಾರೆ. ಯಾವ ಕಡೆ ಲಾಂಚ್ ಮಾಡುತ್ತೀರಿ? ಒಂಟಿ ಸಿಲಿಂಡರಿನ ಇಂಜಿನ್ನಿಗೆ ಮೂರು ಸಾವಿರ ಆರ್‌ಪಿಎಂ ಒಳಗೆ ಸಮಾಧಾನವಿಲ್ಲ. ಮುಕ್ಕರಿಯುತ್ತದೆ, ಚೈನು ಕಟಕಟ ಎನ್ನುತ್ತದೆ, ಸವಾರ ಅರ್ಧ ಕ್ಲಚ್ಚಿನಲ್ಲಿ ಹರಿನಿವಾಸದಿಂದ ತೀನ್ ಪೆಟ್ರೋಲ್ ಪಂಪಿನವರೆಗೆ ಕುಂಟುತ್ತ ಬರುತ್ತಾನೆ. ಕ್ಲಚ್ ಲಿವರ್ ಹಗುರ ಎಂಬುದೊಂದೇ ಪುಣ್ಯ. ಬದಿಯಲ್ಲಿ ಆಕ್ಟಿವಾದ ಮೇಲೆ ಕಾಲು ಕೂಡಿಸಿಕೊಂಡು ಕೂತ ಟೀಚರ್‌ಬಾಯಿ, ಹುಕ್ಕಿಗೆ ಕೊತ್ತಂಬರಿ ಸೊಪ್ಪು ನೇತುಹಾಕಿ, ಗೇರಿನ ಗೊಡವೆ ಇಲ್ಲದೆ, ಹಿಂದಿಕ್ಕಿ ಹೋಗುತ್ತಾರೆ. ಗೋಖಲೆ ರೋಡಿನ ಮಟ್ಟಿಗೆ ಅನುಭವಸ್ಥ ಸವಾರರು ಅವರೇ, ಇದರಲ್ಲಿ ನನಗೆ ಸಂಶಯವಿಲ್ಲ.

ಸಂಶಯವಿದ್ದವರು ಗುಡಿಪಾಡ್ವದ ಬೆಳಿಗ್ಗೆ ಬಂದು ನೋಡಿ. ಅಂದು ಹೊರಡುವ ಹೊಸ ವರ್ಷದ ಮೆರವಣಿಗೆ ಡೊಂಬಿವಲಿಯಲ್ಲಿ 1999ರಲ್ಲಿ ಶುರುವಾಗಿ ಊರೂರಿಗೆ ಹಬ್ಬಿದ್ದು, ಥಾಣೆಯಲ್ಲಿ ಕೌಪಿನೇಶ್ವರ ದೇವಸ್ಥಾನದ ಮುಂದಾಳತ್ವದಲ್ಲಿ ನಡೆಯುತ್ತದೆ. ಒಂಬತ್ತು ಗಜದ ನೌವಾರಿ ಉಟ್ಟು, ಮೂಗಿಗೆ ನತ್ತು ಇಟ್ಟು, ತಲೆಗೆ ಕೇಸರಿ ಫೇಟಾ ಸುತ್ತಿದ ಹೆಂಗಸರು ಸಾಲಾಗಿ ಬುಲೆಟ್ಟಿನ ಮೇಲೆ ಬರುತ್ತಾರೆ. ಮುಂದೆ ಢೋಲು ತಾಶೆ, ನಡೆಯುವವರ ವೇಗ, ಕಾಲೂರುವ ಹಾಗಿಲ್ಲ, ಎಲ್ಲ ಕ್ಲಚ್ಚಿನ ಮೇಲೆ. ಇನ್ನೂರು ಕೆಜಿಯ ಬುಲೆಟ್ಟನ್ನು ಹಾಗೆ ತೂಗಿಸಿಕೊಂಡು ತಲಾವ್‌ಪಾಳಿಯ ತಿರುವು ತೆಗೆಯುವವರ ಎದುರು ಮಂಡಿ ಸವರುವ ವೀಡಿಯೋದವನನ್ನು ನಿಲ್ಲಿಸಿದರೆ ಏನಾಗುತ್ತಿತ್ತೋ.

ಗಾಡಿ ಹಗುರ ಎಂಬುದನ್ನು ನೌಪಾಡಾದಲ್ಲಿ ಮನಸಾರೆ ಮೆಚ್ಚುವ ಮತ್ತೊಂದು ವರ್ಗ ಇದೆ, ಟೋಯಿಂಗ್ ಗಾಡಿಯ ಹುಡುಗರು. ಇಲ್ಲಿ ಸಮ ತಾರೀಕಿಗೆ ಒಂದು ಬದಿ, ಬೆಸ ತಾರೀಕಿಗೆ ಇನ್ನೊಂದು ಬದಿ ಪಾರ್ಕಿಂಗ್ ಇರುವ ರಸ್ತೆಗಳುಂಟು. ಕ್ಯಾಲೆಂಡರ್ ನೋಡದೆ ವಡಾಪಾವ್ ತಿನ್ನಲು ನಿಂತಿರೋ, ಮುಗಿಯಿತು. ಅವರು ಮುಂದೆ ಇಬ್ಬರು, ಹಿಂದೆ ಇಬ್ಬರು ಹಿಡಿದು ಗಾಡಿಯನ್ನು ಟ್ರಕ್ಕಿಗೆ ಎತ್ತುವ ಚಾಕಚಕ್ಯತೆ ನೋಡಬೇಕು. ಬುಲೆಟ್ಟಾದರೆ ಮುಖ ಕಿವಿಚಿಕೊಳ್ಳುತ್ತಾರೆ, ಡ್ಯೂಕಾದರೆ ಹಾಡು ಹೇಳಿಕೊಂಡು ಎತ್ತುತ್ತಾರೆ. ಒಂದು ಕೆಜಿ ಇಳಿಸಲು ಇಂಜಿನಿಯರುಗಳು ಎಷ್ಟು ನಿದ್ದೆಗೆಟ್ಟರೋ, ಅದರ ಫಲ ಯಾರಿಗೆ ಹೋಯಿತು ನೋಡಿ.

ಅಕ್ಕನ ಪರೀಕ್ಷೆ ಬೇರೆ ರೀತಿಯದು. ಅವಳು ಎದುರಿನಿಂದ ಗಾಡಿ ನೋಡಲೇ ಇಲ್ಲ, ನೇರ ಹಿಂದಕ್ಕೆ ಹೋದಳು. "ಹಿಂದೆ ಕೂರುವ ಸೀಟು ಎಲ್ಲಿ?" ಎಂದಳು. ಅಳಿಯ ತೋರಿಸಿದ. "ಇದು ಸೀಟಾ? ನಾನು ಹಪ್ಪಳದ ಹಿಟ್ಟು ಲಟ್ಟಿಸುವ ಮಣೆ ಇದಕ್ಕಿಂತ ದೊಡ್ಡದುಂಟು." ಮಾತು ಉತ್ಪ್ರೇಕ್ಷೆಯೇನಲ್ಲ. ಸವಾರನ ಸೀಟು ಅಗಲವಾಗಿದೆ, ಹಿಂದಿನದು ಅದಕ್ಕಿಂತ ಎತ್ತರ, ಅಂಗೈಯಗಲ, ಬಾಲದ ಕಡೆಗೆ ಚೂಪು. ಬ್ರೇಕು ಒತ್ತಿದರೆ ಹಿಂದಿನವರು ಮುಂದಿನವನ ಬೆನ್ನೇರುತ್ತಾರೆ. ಅಳಿಯನ ವಯಸ್ಸಿನವರು ಇದನ್ನು ದೋಷವೆಂದು ಎಣಿಸುವುದಿಲ್ಲ, ಅದು ಬೇರೆ ಮಾತು. ಆದರೂ ನಮ್ಮ ಕಾನೂನು ಅಕ್ಕನ ಪಕ್ಷ. ಹಿಂದೆ ಕೂತವರಿಗೆ ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಮೆಟ್ಟು, ಸೀರೆ ಚಕ್ರಕ್ಕೆ ಸಿಕ್ಕದಂತೆ ಅಡ್ಡಕ್ಕೆ ಗಾರ್ಡು ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಹಾಗಾಗಿ ಆಸ್ಟ್ರಿಯಾದ ಕಲಾವಿದರು ಕತ್ತಿಯಲ್ಲಿ ಕೆತ್ತಿದ ಹಾಗೆ ಮಾಡಿದ ಹಿಂಭಾಗದ ಎಡಕ್ಕೆ, ಯಾರದ್ದೋ ಮನೆಯ ಕಿಟಕಿಯಿಂದ ಬಿಚ್ಚಿ ತಂದ ಹಾಗೆ, ಕಬ್ಬಿಣದ ಸೀರೆ ಗಾರ್ಡು ತಗುಲಿಕೊಂಡಿರುತ್ತದೆ. ಗಾಡಿ ಮನೆಗೆ ಬಂದ ದಿನವೇ ಹುಡುಗರು ಮಾಡುವ ಮೊದಲ ಕೆಲಸ ಅದನ್ನು ಬಿಚ್ಚಿ ಮಂಚದಡಿಗೆ ಹಾಕುವುದು.

"ತೆಂಗಿನಕಾಯಿ ಎಲ್ಲಿ ಇಡುವುದು?" ಇದು ಅಕ್ಕನ ಎರಡನೇ ಪ್ರಶ್ನೆ. ಜಾಂಭಳಿ ನಾಕಾದ ಮಾರ್ಕೆಟಿನಿಂದ ವಾರಕ್ಕೆ ಏಳೆಂಟು ಕಾಯಿ ತರುವ ಮನೆ ಅದು. ಡ್ಯೂಕಿನಲ್ಲಿ ಹುಕ್ಕಿಲ್ಲ, ಡಿಕ್ಕಿಯಿಲ್ಲ, ಟ್ಯಾಂಕಿನ ಮೇಲೆ ಇಟ್ಟರೆ ಜಾರುತ್ತದೆ. "ಅರೆ ಆಯಿ, ಬ್ಲಿಂಕಿಟ್‌ನಲ್ಲಿ ತರಿಸು ನಾ" ಎಂದ ಅಳಿಯ. ಕುಲುಕಿ ನೀರಿನ ಸದ್ದು ಕೇಳದೆ ಕಾಯಿ ಕೊಳ್ಳುವವರ ಬಗ್ಗೆ ಅಕ್ಕನಿಗಿರುವ ಅಭಿಪ್ರಾಯವನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ.

ಸರಿ, ಊರೊಳಗೆ ಬೇಡ, ಹೊರಗೆ ಓಡಿಸೋಣ ಎಂದರೆ ಅಲ್ಲಿ ಇನ್ನೊಂದು ಮಜಾ. ಮುಂಬೈ ಸುತ್ತಮುತ್ತ ನುಣ್ಣಗಿರುವ ರಸ್ತೆ ಎಲ್ಲಿದೆಯೋ ಅಲ್ಲೆಲ್ಲ ಬೈಕಿನ ಚಿತ್ರಕ್ಕೆ ಕೆಂಪು ಗೀಟು. ಪುಣೆ ಎಕ್ಸ್‌ಪ್ರೆಸ್‌ವೇಗೆ ಬೈಕು ಬರುವಂತಿಲ್ಲ. ಬಾಂದ್ರಾ ವರ್ಲಿ ಸೀಲಿಂಕಿಗೆ ಇಲ್ಲ. ಕೋಸ್ಟಲ್ ರೋಡಿಗೆ ಇಲ್ಲ. 2024ರ ಜನವರಿಯಲ್ಲಿ ತೆರೆದ ಅಟಲ್ ಸೇತುವಿಗೂ ಇಲ್ಲ. ಊರಿಗೆ ಹೋದಾಗ ಓಡಿಸುತ್ತೇನೆ ಎಂದರೆ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಿಂದಲೂ 2023ರ ಆಗಸ್ಟಿನಲ್ಲಿ ಬೈಕುಗಳನ್ನು ಹೊರಗೆ ಹಾಕಿದರು. ಎಂಟು ನೂರು ಸಿಸಿಯ ಹಳೇ ಕಾರು ಕೆಮ್ಮುತ್ತಾ ಹೋಗಬಹುದು, ಟನ್ನಿಗೆ ಇನ್ನೂರೆಪ್ಪತ್ತು ಕುದುರೆಯವನು ಸರ್ವಿಸ್ ರೋಡಿನಲ್ಲಿ ಎಮ್ಮೆಯ ಹಿಂದೆ. ಉಳಿದದ್ದು ಘೋಡ್‌ಬಂದರ್ ರೋಡು. ಅಲ್ಲಿ ಮೆಟ್ರೋ ಕಂಬ, ಕಂಟೇನರ್ ಲಾರಿ, ಮಳೆಗಾಲದ ಗುಂಡಿ ಮೂರೂ ಸೇರಿ ಯಾವ ಶಕ್ತಿಯನ್ನಾದರೂ ಸಮಾನವಾಗಿ ಕಾಣುತ್ತವೆ.

ಅಳಿಯನ ಕೈಯಲ್ಲಿ ಇದಕ್ಕೂ ಉತ್ತರ ಇತ್ತು. "ಮಾವ, ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ ಇಲ್ಲವಾ, 2015ರಲ್ಲಿ ಡಕಾರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯ. ಅವರು ಓಡಿಸಿದ್ದೂ ಕೆಟಿಎಂ." ಭಾವ ಪೇಪರಿನಿಂದ ತಲೆ ಎತ್ತದೆ ಹೇಳಿದರು: "ಅವರು ಮರುಭೂಮಿಯಲ್ಲಿ ಓಡಿಸಿದ್ದು ಮಾರಾಯ. ಮರುಭೂಮಿಯಲ್ಲಿ ಬೆಸ್ಟ್ ಬಸ್ಸು ಇಲ್ಲ."

ಇಷ್ಟೆಲ್ಲ ಹಂಗಿಸಿದ ಮೇಲೆ ನಾನೂ ಓಡಿಸಿ ನೋಡಿದ್ದನ್ನು ಮುಚ್ಚಿಡುವುದು ಸರಿಯಲ್ಲ. ಅಳಿಯನ ಗೆಳೆಯನದೊಂದು ಇದೆ. ಭಾನುವಾರ ಬೆಳಕು ಹರಿಯುವ ಮುನ್ನ ಹೊರಟು ಮಾಜಿವಾಡಾ, ಖಾರೆಗಾಂವ್, ರಂಜನೋಲಿ ನಾಕಾ, ದುರ್ಗಾಡಿ ಕೋಟೆಯ ಕೆಳಗಿಂದ ಕಲ್ಯಾಣ ದಾಟಿ, ಶಹಾಡ್ ಸೇತುವೆ ಇಳಿದು ಮುರಬಾಡದ ರಸ್ತೆ ಹಿಡಿದೆವು. ಮುಂದೆ ಹೋದರೆ ಮಾಳಶೇಜ್ ಘಾಟ್. ಮುರಬಾಡ್ ದಾಟಿದ ಮೇಲೆ ಹುಡುಗ ಕೀಲಿ ನನ್ನ ಕೈಗಿಟ್ಟ. ನನ್ನ ಕೈ ಪಲ್ಸರಿನಲ್ಲಿ ಪಳಗಿದ್ದು. ಮೊದಲ ಎರಡು ಗೇರಿನಲ್ಲಿ ಇದು ನನ್ನನ್ನು ಯಾರೋ ಅಪರಿಚಿತ ಎಂಬಂತೆ ನಡೆಸಿಕೊಂಡಿತು. ನಾಲ್ಕೂವರೆ ಸಾವಿರ ಆರ್‌ಪಿಎಂ ದಾಟಿತು ನೋಡಿ, ಇಂಜಿನ್ನಿನ ಸ್ವರವೇ ಬದಲಾಯಿತು. ಮುಕ್ಕರಿಯುವುದೆಲ್ಲ ನಿಂತು ಎದೆಯೊಳಗಿಂದ ಗಟ್ಟಿಯಾಗಿ ಎಳೆಯತೊಡಗಿತು. ಆರೂವರೆ ಸಾವಿರದ ಹತ್ತಿರ ಅದರ ಎಳೆತದ ಶಿಖರ. ಅಲ್ಲಿ ಕ್ಲಚ್ ಮುಟ್ಟದೆ ಕಾಲ್ಬೆರಳಿನಿಂದ ಗೇರು ಮೇಲಕ್ಕೆತ್ತಿದರೆ ಟಕ್ ಎಂದು ಕೂರುತ್ತದೆ, ಎಳೆತ ಕಡಿಯುವುದೇ ಇಲ್ಲ. ಕ್ವಿಕ್‌ಶಿಫ್ಟರ್ ಎನ್ನುತ್ತಾರೆ. ನೂರು ದಾಟಿದರೆ ಗಾಳಿ ಎದೆಗೆ ಅಂಗೈ ಒತ್ತಿ ತಳ್ಳುತ್ತದೆ, ತಡೆಯಲು ಮುಂದೆ ಗಾಜಿಲ್ಲ. ಅದೂ ಒಂದು ಲೆಕ್ಕದಲ್ಲಿ ಒಳ್ಳೆಯದೇ, ವೇಗ ಎಷ್ಟೆಂದು ಮೀಟರಿಗಿಂತ ಮೊದಲು ಕುತ್ತಿಗೆಗೆ ಗೊತ್ತಾಗುತ್ತದೆ.

ನನಗೆ ಮೆಚ್ಚುಗೆಯಾದದ್ದು ಓಟಕ್ಕಿಂತ ತಿರುವು. ಘಾಟಿಯ ಬುಡದಲ್ಲಿ ಎಡಕ್ಕೊಂದು ತಿರುವಿದೆ, ಅರ್ಧ ತಿರುಗಿದ ಮೇಲೆ ಜಲ್ಲಿ ಕಲ್ಲು ಚೆಲ್ಲಿದ್ದು ಕಂಡಿತು. ಮನಸ್ಸಿನಲ್ಲಿ ಅಯ್ಯೋ ಅನ್ನುವುದರೊಳಗೆ ಗಾಡಿ ಒಂದಡಿ ಒಳಕ್ಕೆ ಸರಿದಿತ್ತು. ಹ್ಯಾಂಡಲ್ ತಿರುಗಿಸಿದ ನೆನಪೂ ಇಲ್ಲ, ಬಹುಶಃ ಕಣ್ಣು ಹೋದ ಕಡೆ ಅದು ಹೋಯಿತು. ಹಗುರ ಗಾಡಿಯ ಸುಖ ಎಂದರೆ ಇದು. ಬ್ರೇಕೂ ಹಾಗೆಯೇ, ಮುಂದಿನ 320 ಮಿಲಿಮೀಟರಿನ ಡಿಸ್ಕು ಎರಡು ಬೆರಳಿಗೆ ಬಗ್ಗುತ್ತದೆ. ಬಾಗಿರುವಾಗ ಒತ್ತಿದರೂ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ಎಬಿಎಸ್ ಇದೆ. ಇಷ್ಟಾಗಿಯೂ ಅದರ ಸಸ್ಪೆನ್ಷನ್ನಿಗೆ ಕರುಣೆ ಕಡಿಮೆ. ಊರು ಬಂದಲ್ಲೆಲ್ಲ ಸಿಗುವ ಸ್ಪೀಡ್‌ಬ್ರೇಕರು ಬೆನ್ನಿನ ಪ್ರತಿ ಮಣಿಯನ್ನೂ ಎಣಿಸಿ ಕೊಡುತ್ತದೆ. ಗಟ್ಟಿ ಮಾಡಿ, ಮೆದು ಮಾಡಿ ಹೊಂದಿಸಲು ತಿರುಪುಗಳಿವೆ, ತಿರುಗಿಸುವ ವ್ಯವಧಾನ ಯಾರಿಗಿದೆ? ನನ್ನ ತೀರ್ಪು ಕೇಳಿದರೆ, ಬಹಳ ಒಳ್ಳೆಯ ಗಾಡಿ. ಘಾಟಿಗೆ ಹೋಗುವವನಿಗೆ ನೂರಕ್ಕೆ ತೊಂಬತ್ತು. ಐರೋಲಿಗೆ ಹೋಗುವವನಿಗೆ ಟ್ರೈನಿನ ಪಾಸ್ ಮಾಡಿಸಿಕೊಳ್ಳಲು ಹೇಳುತ್ತೇನೆ.

ಭಾವ ಬ್ಯಾಂಕಿನವರಲ್ಲವೇ, ಅವರು ಗಾಡಿ ಓಡಿಸದೆಯೇ ತೀರ್ಪು ಕೊಟ್ಟವರು, ಕಂಪನಿಯ ಲೆಕ್ಕಪತ್ರ ನೋಡಿ. 2024ರ ನವೆಂಬರಿನಲ್ಲಿ ಆಸ್ಟ್ರಿಯಾದ ಕೆಟಿಎಂ ಸಾಲ ತೀರಿಸಲಾರದೆ ಕೋರ್ಟಿಗೆ ಹೋದದ್ದು ನಿಜ. "ಪಾಪರ್ ಚೀಟಿ ಕೊಟ್ಟವರ ಗಾಡಿ ನಮಗೆ ಯಾಕೆ?" 2007ರಿಂದ ಅದರಲ್ಲಿ ಪಾಲು ಇಟ್ಟಿದ್ದ ನಮ್ಮ ಪುಣೆಯ ಬಜಾಜಿನವರೇ 2025ರಲ್ಲಿ ಎಂಬತ್ತು ಕೋಟಿ ಯೂರೋ ಸುರಿದು ಎತ್ತಿ ನಿಲ್ಲಿಸಿದರು ಎಂದು ಅಳಿಯ ಹೇಳಿದ ಮೇಲೆ ಭಾವನ ಮುಖದಲ್ಲಿ ಸ್ವಲ್ಪ ಕಳೆ ಬಂತು. ಹಮಾರಾ ಬಜಾಜ್ ಸ್ಕೂಟರಿನ ಕಾಲದವರು ನೋಡಿ. ಆದರೆ ತೆರಿಗೆಯ ಕಡೆಯಿಂದ ಹೊಸ ಕೊಕ್ಕೆ ಸಿಕ್ಕಿತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದರೆ, ಅದನ್ನು ಮೀರಿದ್ದಕ್ಕೆ ಶೇ. 40 ಆಯಿತು. ಹೊಸ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಬೇರೆ, 2022ರ ದರಪಟ್ಟಿಯಲ್ಲಿ 150ರಿಂದ 350ರ ಒಳಗಿನವರಿಗೆ 7,365 ರೂಪಾಯಿ, ಮೇಲಿನವರಿಗೆ 15,117. ಬುಲೆಟ್ಟಿನವರು 349ಕ್ಕೆ ನಿಲ್ಲಿಸಿ ಗೆರೆಯೊಳಗೆ ಜಾಣರಾಗಿ ಕೂತಿದ್ದಾರೆ. ಡ್ಯೂಕಿನವರು 373 ಇದ್ದದ್ದನ್ನು 399ಕ್ಕೆ ಏರಿಸಿ ಗೆರೆಯಿಂದ ಇನ್ನಷ್ಟು ಆಚೆ ಹೋಗಿ ನಿಂತರು. "ಹೆಸರಿಗೆ 390, ತೆರಿಗೆಗೆ ಹಬ್ಬ" ಎಂದರು ಭಾವ. ಮೂವತ್ತು ವರ್ಷದ ಸರ್ವಿಸಿನಲ್ಲಿ ಅವರು ಮಾಡಿದ ಏಕೈಕ ಪ್ರಾಸ ಅದಿರಬೇಕು.

ನಡುವೆ ಬೇರೆ ಹೆಸರುಗಳೂ ಬಂದವು. ಅದೇ ಚಾಕಣದಲ್ಲಿ ಆಗುವ ಟ್ರಯಂಫ್ ಸ್ಪೀಡ್ 400 ಹೆಚ್ಚು ಸಭ್ಯ, ಕೆಳಗಿನ ಆರ್‌ಪಿಎಂನಲ್ಲಿ ಸಾಧು, ನೋಡಲು ಹಳೇ ಕಾಲದ ಗುಂಡು ದೀಪ. ಭಾವನಿಗೆ ಅದು ಹಿಡಿಸಿತು, ಆದ್ದರಿಂದಲೇ ಅಳಿಯನಿಗೆ ಹಿಡಿಸಲಿಲ್ಲ. ಹೊಸೂರಿನ ಟಿವಿಎಸ್ ಅಪಾಚೆ ಆರ್‌ಟಿಆರ್ 310 ಇನ್ನೊಂದು. 312 ಸಿಸಿ, 35 ಕುದುರೆ, ತೂಕ ಡ್ಯೂಕಿನಷ್ಟೇ, ಮತ್ತು 350ರ ಗೆರೆಯ ಒಳಗೆ. ಬುದ್ಧಿ ಹೇಳುವುದಾದರೆ ನಾನು ಅದನ್ನೇ ಹೇಳುತ್ತೇನೆ. ಭಾವ "ಹೊಸೂರು ಅಂದರೆ ಅತ್ತಿಬೆಲೆ ದಾಟಿದರೆ ಬಂತು, ಅರ್ಧ ನಮ್ಮದೇ" ಎಂದು ಗಡಿ ವಿವಾದಕ್ಕೆ ಕೈ ಹಾಕಿದರು. ಅಲ್ಲಿಂದ ಮಾತು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಗೆ, ಯೆಜ್ಡಿಯ ಜೋಡಿ ಸೈಲೆನ್ಸರಿಗೆ, ಕಿಕ್ಕರನ್ನೇ ಮುಂದಕ್ಕೆ ಬಾಗಿಸಿ ಗೇರು ಮಾಡುತ್ತಿದ್ದ ಚಮತ್ಕಾರಕ್ಕೆ ಹೋಗಿ, ಊಟದ ಹೊತ್ತಾದರೂ ವಾಪಸು ಬರಲಿಲ್ಲ.

ಕೊನೆಗೆ ಅಕ್ಕನೇ ಪಂಚಾಯಿತಿ ಮುಗಿಸಿದಳು. ಷರತ್ತುಗಳು ಹೀಗೆ: ಸೀರೆ ಗಾರ್ಡು ಬಿಚ್ಚತಕ್ಕದ್ದಲ್ಲ. ಸೈಲೆನ್ಸರ್ ಬದಲಿಸತಕ್ಕದ್ದಲ್ಲ. ಪೊಲೀಸರು ಹಿಡಿದ ಸೈಲೆನ್ಸರುಗಳನ್ನು ಸಾಲಾಗಿಟ್ಟು ರೋಡ್ ರೋಲರ್ ಹತ್ತಿಸುವುದನ್ನು ಅವಳು ಟಿವಿಯಲ್ಲಿ ನೋಡಿದ್ದಾಳೆ. ಪಾಮ್ ಬೀಚ್ ರೋಡಿನ ಕಡೆ ರಾತ್ರಿ ತಲೆ ಹಾಕತಕ್ಕದ್ದಲ್ಲ. ಹೆಲ್ಮೆಟ್ ಎರಡು, ಎರಡೂ ಐಎಸ್‌ಐ ಗುರುತಿನವು. ಕಂತು ಸ್ವಂತ ಸಂಬಳದಿಂದ. ಅಳಿಯ ಎಲ್ಲದಕ್ಕೂ ತಲೆಯಾಡಿಸಿದ, ಈ ವಯಸ್ಸಿನಲ್ಲಿ ತಲೆಯಾಡಿಸಲು ಖರ್ಚೇನು?

ಬುಕಿಂಗಿಗೆ ನಾವು ನಾಲ್ವರೂ ಹೋದೆವು. ಫಾರಂ ತುಂಬಿಸಿಕೊಳ್ಳುತ್ತಿದ್ದ ಹುಡುಗ ಕಿತ್ತಳೆಯೋ ನೀಲಿಯೋ ಎಂದು ಕೇಳಿದ, ಅಳಿಯ ಕಿತ್ತಳೆ ಎಂದ. ಬೇರೇನಾದರೂ ಆಕ್ಸೆಸರಿ ಬೇಕಾ ಸರ್, ರೇಡಿಯೇಟರ್ ಗಾರ್ಡ್, ಟ್ಯಾಂಕ್ ಪ್ಯಾಡ್, ಬಾರ್ ಎಂಡ್ ಮಿರರ್ ಎಂದು ಒಂದೇ ಉಸಿರಿಗೆ ಒದರಿದ. ಅಷ್ಟು ಹೊತ್ತು ಸುಮ್ಮನೆ ಕೂತಿದ್ದ ಭಾವ ಕುರ್ಚಿ ಮುಂದಕ್ಕೆಳೆದು ಕೇಳಿದರು: "ಸೈಡ್ ಬಾಕ್ಸ್ ಉಂಟಾ? ಬೀಗ ಹಾಕುವಂಥದ್ದು. ಎಂಟು ತೆಂಗಿನಕಾಯಿ ಹಿಡಿಯಬೇಕು."